ಸಾಮಾನು ಸಮೇತ ಮನೆ ಬಾಡಿಗೆಗೆ ಕೊಡುವ ಮುಂಚೆ: ಏನು ಬಿಡಬೇಕು, ಏನು ಬರೆಯಬೇಕು

ಪ್ರಶ್ನೆ: ನಮಸ್ಕಾರ ಮೇಡಂ. ಬೆಂಗಳೂರಿನ ಜೆ.ಪಿ. ನಗರದಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ಸಾಲ ತೀರಿದೆ. ಯಜಮಾನರಿಗೆ ಪುಣೆಗೆ ವರ್ಗವಾಗಿದ್ದು, ಎರಡು ವರ್ಷ ಅಲ್ಲೇ ಇರಬೇಕು. ಮನೆ ಬಾಡಿಗೆಗೆ ಕೊಡೋಣ ಅಂತಿದ್ದೇವೆ. ಖಾಲಿ ಮನೆಗೆ 30,000 ಬರುತ್ತೆ, ಸಾಮಾನು ಸಮೇತ ಕೊಟ್ಟರೆ 42,000 ಕೊಡಿಸ್ತೀನಿ ಅಂತ ಬ್ರೋಕರ್ ಹೇಳ್ತಿದ್ದಾರೆ. ಸೋಫಾ, ಎರಡು ಮಂಚ, ಫ್ರಿಜ್, ವಾಷಿಂಗ್ ಮೆಷಿನ್, ಟಿ.ವಿ., ಊಟದ ಟೇಬಲ್ ಎಲ್ಲ ಇದೆ. ಅತ್ತೆಯವರ ಕಾಲದ ತೇಗದ ಮಂಚ, ಹಿತ್ತಾಳೆ ಪಾತ್ರೆಗಳೂ ಇವೆ. ಅವನ್ನು ಒಂದು ರೂಮಿನಲ್ಲಿಟ್ಟು ಬೀಗ ಹಾಕಬಹುದಾ? ಸಾಮಾನು ಹಾಳಾದರೆ ಯಾರು ಹೊಣೆ? ಅಡ್ವಾನ್ಸ್ ಎಷ್ಟು ತಗೋಬೇಕು? ತೆರಿಗೆ ಹೇಗೆ? ಎರಡು ವರ್ಷದ ಮೇಲೆ ಮಗಳ ಶಾಲೆ ಶುರುವಾಗುವ ಹೊತ್ತಿಗೆ ಮನೆ ವಾಪಸ್ ಸಿಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ತೇಗದ ಮಂಚ. ಅಲ್ಲಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ಅದನ್ನು ಆ ಮನೆಯಲ್ಲಿ ಬಿಡಬೇಡಿ. ಬೀಗ ಹಾಕಿದ ರೂಮಿನಲ್ಲೂ ಬೇಡ. ತಮ್ಮನ ಮನೆಗೋ, ನಾದಿನಿ ಮನೆಗೋ, ಊರಿನ ಮನೆಗೋ ಸಾಗಿಸಿ.

ಬಾಡಿಗೆ ಕರಾರು ಬರೆದುಕೊಡುವುದು ನನ್ನ ವೃತ್ತಿ. ಆದರೆ ಈ ಮಾತು ನನ್ನ ಮನೆಯಲ್ಲಿ ಕಲಿತದ್ದು. ಸುಮಾರು ಹನ್ನೆರಡು ವರ್ಷದ ಹಿಂದೆ ನಾವೂ ಹೀಗೇ ಸಾಮಾನು ಸಮೇತ ಮನೆ ಕೊಟ್ಟು ಮೈಸೂರಿಗೆ ಹೋದೆವು. ಅಮ್ಮ ಕೊಟ್ಟಿದ್ದ ಬೀಟೆ ಮರದ ಟೀಪಾಯಿಯನ್ನು ಹಾಲ್‌ನಲ್ಲೇ ಬಿಟ್ಟಿದ್ದೆ. ವಾಪಸ್ ಬಂದಾಗ ಅದರ ಮೇಲೆ ಇಸ್ತ್ರಿ ಪೆಟ್ಟಿಗೆಯ ಸುಟ್ಟ ಗುರುತು. ಬಾಡಿಗೆಗಿದ್ದವರು ಒಳ್ಳೆಯ ಜನ. ತುಂಬಾ ನೊಂದುಕೊಂಡರು, 2,000 ರೂಪಾಯಿ ಕೊಟ್ಟರು. ಅವರಿಗೆ ಅದು ಒಂದು ಟೀಪಾಯಿ. ನನಗೆ ಅದು ಅಮ್ಮ ದಿನಾ ಬೆಳಿಗ್ಗೆ ಕಾಫಿ ಲೋಟ ಇಡುತ್ತಿದ್ದ ಜಾಗ. ಆ 2,000ದಲ್ಲಿ ನಾನು ಏನು ತರಬಹುದಿತ್ತು?

ಅವತ್ತಿನಿಂದ ನನ್ನ ಹತ್ತಿರ ಬರುವ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಈ ವಸ್ತು ಹಾಳಾದರೆ ಅಂಗಡಿಯಿಂದ ಇನ್ನೊಂದು ತಂದು ಸುಮ್ಮನಾಗುತ್ತೀರಾ? ಹೌದು ಅಂದರೆ ಬಿಡಿ. ಇಲ್ಲ ಅಂದರೆ ತೆಗೆಯಿರಿ. ಹಿತ್ತಾಳೆ ಪಾತ್ರೆ, ದೇವರ ಮನೆಯ ದೀಪಗಳು, ಫೋಟೊಗಳು, ಮಗಳ ಪುಸ್ತಕ ಎಲ್ಲ ಈ ಲೆಕ್ಕಕ್ಕೇ ಬರುತ್ತವೆ.

ಒಂದು ರೂಮಿಗೆ ಬೀಗ ಹಾಕುವ ಯೋಚನೆ ತುಂಬಾ ಜನಕ್ಕೆ ಬರುತ್ತದೆ. ಎರಡೇ ರೂಮಿನ ಮನೆಯಲ್ಲಿ ಅದು ನಷ್ಟದ ಬಾಬ್ತು. ಒಂದು ರೂಮಿನ ಬಾಡಿಗೆ ಹೋಯಿತು. ಎರಡು ವರ್ಷ ಗಾಳಿ ಬೆಳಕಿಲ್ಲದ ರೂಮಿನಲ್ಲಿ ತೇವ, ಗೆದ್ದಲು, ಜಿರಳೆ ಸೇರಿಕೊಳ್ಳುತ್ತವೆ. ಒಳಗಿನ ಪೈಪ್ ಸೋರಿದರೂ ಯಾರಿಗೂ ಗೊತ್ತಾಗಲ್ಲ. ಇಡಲೇಬೇಕಾದ ಸಣ್ಣಪುಟ್ಟ ಡಬ್ಬಗಳಿದ್ದರೆ ಒಂದು ಲಾಫ್ಟ್‌ಗೆ ಬಾಗಿಲು ಹಾಕಿಸಿ ಬೀಗ ಹಾಕಿ. ಅದನ್ನು ಬಾಡಿಗೆದಾರರಿಗೆ ಮೊದಲೇ ಹೇಳಿ, ಕರಾರಿನಲ್ಲೂ ಬರೆಯಿರಿ.

ಈಗ 42,000ದ ವಿಷಯ. ಆ ಮಾತನ್ನು ಸ್ವಲ್ಪ ಹುಷಾರಾಗಿ ನೋಡಿ. ಬ್ರೋಕರಿಗೆ ಕಮಿಷನ್ ಬರುವುದು ಬಾಡಿಗೆಯ ಲೆಕ್ಕದಲ್ಲಿ, ಅದೂ ಬಾಡಿಗೆದಾರರು ಬದಲಾದಷ್ಟು ಸಲ. ನಿಮಗೆ ಬೇಕಾದದ್ದು ಎರಡು ವರ್ಷ ನೆಮ್ಮದಿಯಾಗಿ ಇರುವ ಒಬ್ಬರೇ ಬಾಡಿಗೆದಾರರು. ಇಬ್ಬರ ಲೆಕ್ಕವೂ ಬೇರೆ ಬೇರೆ, ಅಲ್ವಾ?

ನಿಮ್ಮ ಸಾಮಾನಿಗೆ ಇವತ್ತು ಏನು ಬೆಲೆ ಅಂತ ಬರೆದು ನೋಡಿ. ಕೊಂಡ ಬೆಲೆಯಲ್ಲ, ಇವತ್ತು ಮಾರಿದರೆ ಬರುವ ಬೆಲೆ. ಐದಾರು ವರ್ಷ ಹಳೆಯವು ಅಂದುಕೊಂಡರೆ ಫ್ರಿಜ್ 12,000, ವಾಷಿಂಗ್ ಮೆಷಿನ್ 10,000, ಸೋಫಾ 15,000, ಎರಡು ಮಂಚ 14,000, ಟಿ.ವಿ. 10,000, ಟೇಬಲ್ 9,000, ಗೀಸರ್‌ಗಳು 6,000. ಎಲ್ಲ ಸೇರಿ 76,000. ಸಣ್ಣಪುಟ್ಟದ್ದು ಸೇರಿಸಿ 80,000 ಅನ್ನೋಣ. ಇದಕ್ಕೆ ತಿಂಗಳಿಗೆ 12,000 ಜಾಸ್ತಿ ಕೇಳಿದರೆ ಏಳೇ ತಿಂಗಳಲ್ಲಿ ಸಾಮಾನಿನ ಬೆಲೆ ಪೂರ್ತಿ ಬಂದುಬಿಡುತ್ತದೆ. ಬಾಡಿಗೆದಾರರೂ ಈ ಲೆಕ್ಕ ಹಾಕುತ್ತಾರೆ. ಬೆಂಗಳೂರಿನಲ್ಲಿ ಫರ್ಲೆಂಕೊ, ರೆಂಟೊಮೊಜೊ ಥರದ ಕಂಪನಿಗಳು ಮಂಚ, ಫ್ರಿಜ್, ಸೋಫಾ ಎಲ್ಲವನ್ನೂ ತಿಂಗಳ ಬಾಡಿಗೆಗೆ ಮನೆಗೇ ತಂದು ಕೊಡುತ್ತವೆ. ಅವುಗಳ ಆಪ್‌ನಲ್ಲಿ ನಿಮ್ಮ ಮನೆಯಲ್ಲಿರುವಂಥದ್ದೇ ಸಾಮಾನು ಆರಿಸಿ, ಒಟ್ಟು ಎಷ್ಟಾಗುತ್ತದೆ ನೋಡಿ. ಆ ಮೊತ್ತವೇ ನೀವು ಕೇಳಬಹುದಾದ ಮೇಲಿನ ಮಿತಿ. ನಿಮ್ಮದು ಹಳೆಯ ಸಾಮಾನು, ಅದಕ್ಕಿಂತ ಕಡಿಮೆಯೇ ಇರಬೇಕು.

ನಾನಾದರೆ 36,000 ಕೇಳುತ್ತೇನೆ. ಯಾಕೆ ಅಂದರೆ, ಸಾಮಾನಿರುವ ಮನೆಗೆ ಬರುವವರು ಎರಡು ಸೂಟ್‌ಕೇಸ್ ಹಿಡಿದು ಬರುತ್ತಾರೆ, ಹಾಗೇ ಹೋಗುತ್ತಾರೆ. ಸ್ವಂತ ಬೀರು, ಮಂಚ ಇರುವ ಸಂಸಾರ ಅಷ್ಟು ಸುಲಭವಾಗಿ ಮನೆ ಬದಲಿಸಲ್ಲ. ಎರಡು ವರ್ಷದಲ್ಲಿ ಎರಡು ಸಲ ಬಾಡಿಗೆದಾರರು ಬದಲಾದರು, ಪ್ರತಿ ಸಲ ಒಂದು ತಿಂಗಳು ಮನೆ ಖಾಲಿ ಬಿತ್ತು ಅಂದುಕೊಳ್ಳಿ. 42,000ದಂತೆ 22 ತಿಂಗಳಿಗೆ 9,24,000 ಬರುತ್ತದೆ. ಮೂರು ಸಲ ಒಂದೊಂದು ತಿಂಗಳ ಬಾಡಿಗೆಯನ್ನು ಕಮಿಷನ್ ಅಂತ ಕೊಟ್ಟರೆ ಉಳಿಯುವುದು 7,98,000. ಅದೇ 36,000ಕ್ಕೆ ಒಬ್ಬರೇ 24 ತಿಂಗಳು ಇದ್ದರೆ 8,64,000. ಒಂದು ಸಲದ ಕಮಿಷನ್ ಕಳೆದರೂ 8,28,000 ಕೈಗೆ ಬರುತ್ತದೆ. ಪ್ರತಿ ಸಲದ ಪೇಂಟಿಂಗ್, ಕ್ಲೀನಿಂಗ್ ಖರ್ಚನ್ನು ನಾನಿನ್ನೂ ಸೇರಿಸಿಲ್ಲ.

ಯಾವ ಸಾಮಾನು ಬಿಡಬೇಕು? ಗೋಡೆಗೆ ಸೇರಿದ್ದೆಲ್ಲ ಹೇಗೂ ಇರುತ್ತದೆ: ವಾರ್ಡ್‌ರೋಬ್, ಅಡುಗೆ ಮನೆಯ ಕಪಾಟು, ಚಿಮಣಿ, ಫ್ಯಾನ್, ಗೀಸರ್. ಇಷ್ಟಿದ್ದರೆ ಬೆಂಗಳೂರಿನಲ್ಲಿ ಸೆಮಿ ಫರ್ನಿಶ್ಡ್ ಅನ್ನುತ್ತಾರೆ. ಇದರ ಮೇಲೆ ಫ್ರಿಜ್, ವಾಷಿಂಗ್ ಮೆಷಿನ್, ಎರಡು ಮಂಚ, ಸೋಫಾ, ಟೇಬಲ್ ಬಿಡಿ. ಟಿ.ವಿ.ಯನ್ನು ಪುಣೆಗೆ ತೆಗೆದುಕೊಂಡು ಹೋಗಿ. ಅದು ಬೇಗ ಹಳೆಯದಾಗುತ್ತದೆ, ಕೆಟ್ಟರೆ ಯಾಕೆ ಕೆಟ್ಟಿತು ಅಂತ ಗೊತ್ತಾಗುವುದೂ ಕಷ್ಟ. ಹಳೆಯ ಹಾಸಿಗೆ ಬಿಡಬೇಡಿ. ಬೇರೆಯವರು ಮಲಗಿದ ಹಾಸಿಗೆ ಯಾರಿಗೂ ಇಷ್ಟವಾಗಲ್ಲ, ಎರಡು ವರ್ಷದ ಮೇಲೆ ನಿಮಗೂ ಬೇಡವಾಗುತ್ತದೆ. ಪಾತ್ರೆ, ಚಮಚ, ಬೆಡ್‌ಶೀಟ್ ಬಿಟ್ಟರೆ ಎಣಿಸುತ್ತಾ ಕೂರುವುದೇ ಕೆಲಸ. ಗ್ಯಾಸ್ ಸಿಲಿಂಡರ್ ಕೂಡ ಬಿಡಬಾರದು, ಆ ಕನೆಕ್ಷನ್ ನಿಮ್ಮ ಹೆಸರಿನದು. ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಟರ್ಮಿನೇಷನ್ ವೋಚರ್ ತಗೊಳ್ಳಿ. ಪುಣೆಯಲ್ಲಿ ಅದನ್ನು ತೋರಿಸಿ ಹೊಸ ವಿಳಾಸಕ್ಕೆ ಕನೆಕ್ಷನ್ ಪಡೆಯಬಹುದು.

ಗೃಹಜ್ಯೋತಿ ಯೋಜನೆಗೆ ನಿಮ್ಮ ಆಧಾರ್ ಜೋಡಿಸಿದ್ದರೆ, ಮನೆ ಬಿಡುವ ಮುಂಚೆ ಸೇವಾ ಸಿಂಧುವಿನಲ್ಲಿ ಡೀ-ಲಿಂಕ್ ಮಾಡಿಸಿ. ಯೋಜನೆ ಬಾಡಿಗೆದಾರರಿಗೂ ಇದೆ. ನಿಮ್ಮ ಹೆಸರು ಅಲ್ಲೇ ಕೂತಿದ್ದರೆ ಅವರಿಗೆ ತೊಂದರೆ.

ಹಾಳಾದರೆ ಯಾರು ಹೊಣೆ ಅಂತ ಕೇಳಿದ್ದೀರಿ. ಜಗಳಗಳೆಲ್ಲ ಹುಟ್ಟುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇರುವ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ನಿಮ್ಮ ಮನೆಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಬರೆದುಕೊಳ್ಳುವ ಕರಾರು. ಆ ಕಾಯ್ದೆಯ 108ನೇ ಕಲಂ ಏನು ಹೇಳುತ್ತದೆ? ಬಾಡಿಗೆದಾರರು ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಆದರೆ ಸಹಜ ಬಳಕೆಯಿಂದ ಆಗುವ ಸವೆತ ಇದ್ದೇ ಇರುತ್ತದೆ ಅನ್ನುತ್ತದೆ. ಸಾಮಾನಿಗೂ ಇದೇ ಅಳತೆ ಇಟ್ಟುಕೊಳ್ಳಿ. ಸೋಫಾ ಬಟ್ಟೆ ಮಾಸಿದರೆ ಅದು ಸವೆತ. ಹರಿದರೆ ಹಾನಿ. ವಾಷಿಂಗ್ ಮೆಷಿನ್ ಎಂಟನೇ ವರ್ಷಕ್ಕೆ ನಿಂತರೆ ಅದರ ಆಯಸ್ಸು ಮುಗಿಯಿತು ಅಂತ. ಅದರ ಬಾಗಿಲು ಮುರಿದರೆ ಬಾಡಿಗೆದಾರರ ಹೊಣೆ. ನಮ್ಮ ಬೋರ್‌ವೆಲ್ ನೀರಿನ ಗಡಸು ನಿಮಗೂ ಗೊತ್ತು. ಗೀಸರ್ ಕಾಯಿಲ್‌ಗೆ ಉಪ್ಪು ಕಟ್ಟಿ ಸುಟ್ಟುಹೋದರೆ ಅದಕ್ಕೆ ಬಾಡಿಗೆದಾರರನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಸವೆತ ಯಾವುದು, ಹಾನಿ ಯಾವುದು ಅಂತ ಹೇಳಬೇಕಾದರೆ ಶುರುವಿನಲ್ಲಿ ಹೇಗಿತ್ತು ಅಂತ ಇಬ್ಬರಿಗೂ ಗೊತ್ತಿರಬೇಕು. ಅದಕ್ಕೇ ಪಟ್ಟಿ ಬೇಕು. ನಾನು ನೋಡುವ ಹೆಚ್ಚಿನ ಕರಾರುಗಳಲ್ಲಿ ಪಟ್ಟಿ ಅಂದರೆ 'ಫ್ರಿಜ್ 1, ಸೋಫಾ 1, ಫ್ಯಾನ್ 5' ಅಷ್ಟೇ. ಅದು ಎಣಿಕೆಗೆ ಆಗುತ್ತದೆ, ಜಗಳ ತಪ್ಪಿಸಲು ಆಗಲ್ಲ. ನೀವು ಹೀಗೆ ಬರೆಯಿರಿ: ಫ್ರಿಜ್, ಕಂಪನಿ, ಸೀರಿಯಲ್ ನಂಬರ್, ಕೊಂಡ ವರ್ಷ, ಎಡಗಡೆ ಸಣ್ಣ ತಗ್ಗು ಇದೆ, ತರಕಾರಿ ಡ್ರಾಯರ್ ಸೀಳಿದೆ, ಚೆನ್ನಾಗಿ ತಂಪಾಗುತ್ತಿದೆ, ಇವತ್ತಿನ ಬೆಲೆ 12,000. ಈಗಾಗಲೇ ಇರುವ ಗೀರು, ಕಲೆಗಳನ್ನು ಮುಚ್ಚಿಡಬೇಡಿ. ಅವನ್ನು ನೀವೇ ತೋರಿಸಿದರೆ ಬಾಡಿಗೆದಾರರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ಪ್ರತಿ ವಸ್ತುವಿನ ಫೋಟೊ ತೆಗೆಯಿರಿ, ಮನೆಯೆಲ್ಲ ಸುತ್ತಿ ಒಂದು ವಿಡಿಯೊ ಮಾಡಿ ಇಬ್ಬರೂ ಇಟ್ಟುಕೊಳ್ಳಿ. ಪಟ್ಟಿಯ ಪ್ರತಿ ಹಾಳೆಗೂ ಇಬ್ಬರ ಸಹಿ ಬೇಕು.

ಇವತ್ತಿನ ಬೆಲೆ ಬರೆಯುವುದು ಯಾಕೆ ಮುಖ್ಯ ಗೊತ್ತಾ? ಕಳೆದುಹೋದರೆ ಅಥವಾ ರಿಪೇರಿ ಆಗದಷ್ಟು ಹಾಳಾದರೆ ಎಷ್ಟು ಹಿಡಿಯಬೇಕು ಅಂತ ಅವತ್ತೇ ತೀರ್ಮಾನವಾಗುತ್ತದೆ. ಇದನ್ನು ಬರೆಯದೇ ಇದ್ದರೆ, ಎರಡು ವರ್ಷದ ಮೇಲೆ ನೀವು ಹೊಸ ಫ್ರಿಜ್‌ನ ರೇಟ್ ಹೇಳುತ್ತೀರಿ, ಅವರು ಗುಜರಿ ರೇಟ್ ಹೇಳುತ್ತಾರೆ.

ರಿಪೇರಿಗೂ ಒಂದು ಗೆರೆ ಹಾಕಿ. ಬಲ್ಬು, ನಲ್ಲಿಯ ವಾಷರ್, ಫಿಲ್ಟರ್ ಬದಲಿಸುವುದು, ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವುದು ಬಾಡಿಗೆದಾರರದ್ದು. ಒಂದು ಸಲಕ್ಕೆ 1,000 ರೂಪಾಯಿ ದಾಟುವ ರಿಪೇರಿ, ಅವರ ತಪ್ಪಿಲ್ಲದಿದ್ದರೆ, ನಿಮ್ಮದು. ಇನ್ನೊಂದು ಸಾಲು ಮರೆಯಬೇಡಿ. ಯಾವುದಾದರೂ ವಸ್ತು ಆಯಸ್ಸು ಮುಗಿದು ಕೆಟ್ಟರೆ ನೀವು 15 ದಿನದೊಳಗೆ ಬದಲಿ ಕೊಡಬೇಕು, ಇಲ್ಲವೇ ಬಾಡಿಗೆಯಲ್ಲಿ ಅದಕ್ಕೆ ತಕ್ಕಷ್ಟು ಇಳಿಸಬೇಕು. ಇದು ನಿಮಗೆ ಹೊರೆ ಅನ್ನಿಸಬಹುದು. ಆದರೆ ಸಾಮಾನಿಗೆ ಅಂತ 6,000 ಜಾಸ್ತಿ ತಗೊಳ್ಳುವಾಗ ಸಾಮಾನು ನಡೆಯುವಂತೆ ನೋಡಿಕೊಳ್ಳುವುದೂ ನಮ್ಮದೇ ಅಲ್ವಾ? ಎಷ್ಟೋ ಮನೆ ಮಾಲೀಕರು ಇದನ್ನು ಒಪ್ಪುವುದಿಲ್ಲ. ಬಾಡಿಗೆ ಮಾತ್ರ ಪೂರ್ತಿ ಬೇಕು, ಫ್ರಿಜ್ ಕೆಟ್ಟರೆ 'ನೀವೇ ನೋಡ್ಕೊಳ್ಳಿ' ಅನ್ನುತ್ತಾರೆ. ಇದನ್ನು ನೋಡಿದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಅಡ್ವಾನ್ಸ್‌ಗೆ ಬರೋಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಹಳೆಯ ರೂಢಿ ಇದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕು ಅನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮದಾಗಿಸಿಕೊಂಡರೆ ಮಾತ್ರ ಕಾನೂನು. ನನ್ನ ಲೆಕ್ಕ ಸರಳ. ಎರಡು ತಿಂಗಳ ಬಾಡಿಗೆ, ಅದರ ಮೇಲೆ ಸಾಮಾನಿನ ಇವತ್ತಿನ ಬೆಲೆ. ಟಿ.ವಿ. ತೆಗೆದ ಮೇಲೆ ನಿಮಗೆ 72,000 ಮತ್ತು 70,000, ಅಂದರೆ ಸುಮಾರು ನಾಲ್ಕು ತಿಂಗಳ ಬಾಡಿಗೆ. ಅದಕ್ಕಿಂತ ಜಾಸ್ತಿ ಕೇಳಬೇಡಿ. ಆ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡಿ, ಖರ್ಚು ಮಾಡಬೇಡಿ. ಹೋಗುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ನಮ್ಮಲ್ಲಿದೆ. ಹಿಡಿಯುವುದಾದರೆ ಮೊದಲೇ ಬರೆಯಿರಿ. 36,000ದಲ್ಲಿ ಸಾಮಾನಿನ 6,000 ಇದೆ, ಸಾಮಾನಿಗೆ ಪೇಂಟ್ ಹೊಡೆಯುವುದಿಲ್ಲವಲ್ಲ. ಹಿಡಿದರೂ 30,000 ಮೀರಬಾರದು. ಯಾರಾದರೂ 'ಭೋಗ್ಯಕ್ಕೆ ಹಾಕಿ, ದೊಡ್ಡ ಮೊತ್ತ ಒಂದೇ ಸಲ ಬರುತ್ತೆ' ಅಂದರೆ ಒಪ್ಪಬೇಡಿ. ಹೊರಡುವಾಗ ಅಷ್ಟು ದುಡ್ಡು ಒಂದೇ ಸಲ ವಾಪಸ್ ಕೊಡಬೇಕಾಗುತ್ತದೆ. ಅದಿಲ್ಲದಿದ್ದರೆ ಮನೆ ಕೈಗೆ ಬರಲ್ಲ.

ನೀವು ದೂರ ಇರುತ್ತೀರಿ ಅನ್ನುವ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಮನೆ ನೋಡಿಕೊಳ್ಳುತ್ತೇವೆ, ತಿಂಗಳ ಬಾಡಿಗೆ ನಿಮ್ಮ ಖಾತೆಗೆ ಹಾಕುತ್ತೇವೆ ಅಂತ ಬರುವವರು ಇದ್ದಾರೆ. ಇವರಲ್ಲಿ ಕೆಲವರು ಮಾಲೀಕರಿಗೆ ತಿಂಗಳ ಬಾಡಿಗೆ ಅಂತ ಹೇಳಿ, ಆ ಕಡೆ ಬಾಡಿಗೆದಾರರಿಂದ ಲಕ್ಷಗಟ್ಟಲೆ ಭೋಗ್ಯದ ದುಡ್ಡು ವಸೂಲಿ ಮಾಡಿ ಮಾಯವಾದ ಪ್ರಕರಣಗಳು ಬೆಂಗಳೂರಿನಲ್ಲಿ ನಡೆದಿವೆ. ಕೊನೆಗೆ ಮಾಲೀಕರೂ ಬಾಡಿಗೆದಾರರೂ ಎದುರುಬದುರು ನಿಂತು ಅಳುವ ಸ್ಥಿತಿ. ಕರಾರು ನಿಮ್ಮ ಮತ್ತು ಅಲ್ಲಿ ವಾಸ ಮಾಡುವವರ ಮಧ್ಯೆಯೇ ಇರಲಿ. ಅಡ್ವಾನ್ಸ್, ಬಾಡಿಗೆ ನೇರ ನಿಮ್ಮ ಖಾತೆಗೇ ಬರಲಿ. ಊರಿನಲ್ಲಿರುವ ತಮ್ಮನಿಗೋ, ಭಾವನಿಗೋ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಬೀಗ ಕೊಡುವುದು, ಮನೆ ನೋಡುವುದು, ನೋಟಿಸ್ ಕೊಡುವುದು ಇಷ್ಟಕ್ಕೇ ಬರೆಯಿರಿ.

ಬಾಡಿಗೆದಾರರ ಗುರುತಿನ ಪತ್ರ, ಕೆಲಸದ ಪತ್ರ ತಗೊಳ್ಳಿ, ಪೊಲೀಸರಿಗೆ ಮಾಹಿತಿ ಕೊಡಿ, ಅಪಾರ್ಟ್‌ಮೆಂಟ್ ಸಂಘಕ್ಕೂ ತಿಳಿಸಿ. ಆಮೇಲೆ, ಸಂಸಾರಸ್ಥರಾದರೆ ಮಾತ್ರ ಮನೆ ಚೆನ್ನಾಗಿಟ್ಟುಕೊಳ್ಳುತ್ತಾರೆ ಅನ್ನುವುದನ್ನು ನಾನು ಒಪ್ಪಲ್ಲ. ಮದುವೆ ಆಗಿದೆಯಾ ಅಂತ ಕೇಳುವ ಬದಲು ಹಿಂದಿನ ಮನೆಯ ಮಾಲೀಕರಿಗೆ ಒಂದು ಫೋನ್ ಮಾಡಿ. ಐದು ನಿಮಿಷದ ಮಾತಿನಲ್ಲಿ ಎಲ್ಲ ಗೊತ್ತಾಗುತ್ತದೆ.

ತೆರಿಗೆಯಲ್ಲಿ ಸಾಮಾನಿನಿಂದ ಒಂದು ತೊಡಕು ಇದೆ. ಬರೀ ಮನೆಯ ಬಾಡಿಗೆಗೆ, ಪಾಲಿಕೆ ತೆರಿಗೆ ಕಳೆದ ಮೇಲೆ, 30% ಹಾಗೇ ಬಿಡುತ್ತಾರೆ. ನೀವು ಒಂದು ರೂಪಾಯಿ ರಿಪೇರಿ ಮಾಡಿಸದಿದ್ದರೂ ಇದು ಸಿಗುತ್ತದೆ. 30,000ದಂತೆ ವರ್ಷಕ್ಕೆ 3,60,000 ಬಂದರೆ ಹೆಚ್ಚುಕಡಿಮೆ 1,08,000ಕ್ಕೆ ತೆರಿಗೆಯಿಲ್ಲ. ಸಾಮಾನಿನ ಬಾಡಿಗೆಗೆ ಈ 30% ಇಲ್ಲ. ಅದು 'ಇತರ ಮೂಲದ ಆದಾಯ'. ಅದರಲ್ಲಿ ರಿಪೇರಿ ಖರ್ಚು ಮತ್ತು ಸವಕಳಿ (ಹಳೆಯದಾದಂತೆ ಸಾಮಾನಿನ ಬೆಲೆಯಲ್ಲಿ ಆಗುವ ಇಳಿಕೆ) ಕಳೆಯಬಹುದು. ಸವಕಳಿ ಪೀಠೋಪಕರಣಕ್ಕೆ ವರ್ಷಕ್ಕೆ 10%. ಎರಡೂ ಬಿಡಿಸಲಾರದಂತೆ ಒಂದೇ ವ್ಯವಹಾರ ಅಂತಾದರೆ ಪೂರ್ತಿ ಬಾಡಿಗೆ 'ಇತರ ಮೂಲ'ಕ್ಕೆ ಹೋಗುತ್ತದೆ, 30% ಕೈತಪ್ಪುತ್ತದೆ.

ಹಾಗಾಗಿ ಮನೆಗೆ 30,000, ಸಾಮಾನಿಗೆ 6,000 ಅಂತ ಬೇರೆ ಬೇರೆ ಬರೆಯಿರಿ. ಆದರೆ ಬೇರೆ ಬರೆದ ಮಾತ್ರಕ್ಕೆ ಕೆಲಸ ಮುಗಿಯಲ್ಲ. 1963ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸುಲ್ತಾನ್ ಬ್ರದರ್ಸ್ ಪ್ರಕರಣ ಇದಕ್ಕೆ ದಾರಿದೀಪ. ಬಾಂಬೆಯಲ್ಲಿ ಹೋಟೆಲ್‌ಗೆ ಅಂತ ಸಜ್ಜು ಮಾಡಿದ ಕಟ್ಟಡ ಅದು. ಕಟ್ಟಡಕ್ಕೊಂದು, ಸಾಮಾನಿಗೊಂದು ಬಾಡಿಗೆ ಬೇರೆಯಾಗಿಯೇ ಬರೆದಿದ್ದರು. ಆದರೂ ಎರಡನ್ನೂ ಒಟ್ಟಿಗೇ ಅನುಭವಿಸಬೇಕು ಅನ್ನುವುದು ಇಬ್ಬರ ಉದ್ದೇಶ ಅಂತ ಕೋರ್ಟ್ ಹೇಳಿತು. ನಿಮ್ಮ ವಿಷಯ ಬೇರೆ. ಅದೇ ಅಪಾರ್ಟ್‌ಮೆಂಟಿನಲ್ಲಿ ಖಾಲಿ ಮನೆಗಳು 30,000ಕ್ಕೆ ಹೋಗುತ್ತಿವೆ. ಬೇಕಾದರೆ ಬಾಡಿಗೆದಾರರು ಒಂದು ತಿಂಗಳ ಮುಂಚೆ ಹೇಳಿ ಸಾಮಾನು ವಾಪಸ್ ಕೊಟ್ಟು, ಬರೀ ಮನೆಯನ್ನು ಇಟ್ಟುಕೊಳ್ಳಬಹುದು ಅಂತ ಒಂದು ಸಾಲು ಸೇರಿಸಿ. ಆಗ ಎರಡೂ ಬೇರೆ ಅನ್ನಲು ಗಟ್ಟಿ ಆಧಾರ ಇರುತ್ತದೆ. ರಿಟರ್ನ್ ಹಾಕುವಾಗ ಕರಾರನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿ. ಮನೆ ಬಾಡಿಗೆಯನ್ನು ವ್ಯಾಪಾರದ ಆದಾಯ ಅಂತ ತೋರಿಸುವ ದಾರಿಯನ್ನು 2024ರ ಬಜೆಟ್ ಮುಚ್ಚಿದೆ, ಆ ಸಲಹೆ ಯಾರು ಕೊಟ್ಟರೂ ಬೇಡ.

ಪಾಲಿಕೆಯ ಆಸ್ತಿ ತೆರಿಗೆಯನ್ನೂ ಮರೆಯಬೇಡಿ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯ ದರ ಸ್ವಂತ ವಾಸದ ದರದ ಎರಡರಷ್ಟು. ಅರ್ಜಿಯಲ್ಲಿ ಅದನ್ನು ಬದಲಿಸದೆ ಹಳೆಯಂತೆ ಕಟ್ಟಿಕೊಂಡು ಹೋದವರಿಗೆ ಆಮೇಲೆ ದಂಡ ಸಮೇತ ನೋಟಿಸ್ ಬಂದಿದೆ.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಕಟ್ಟಡದ ಜೊತೆಗೆ ಸಾಮಾನಿಗೂ, ಕಟ್ಟಡದ ವಿಮಾ ಮೊತ್ತದ 20%ವರೆಗೆ, 10 ಲಕ್ಷ ಮೀರದಂತೆ ರಕ್ಷಣೆ ಸಿಗುತ್ತದೆ. ಇದು ಬೆಂಕಿ, ಪ್ರವಾಹದಂಥದ್ದಕ್ಕೆ. ಬಾಡಿಗೆದಾರರ ಕೈತಪ್ಪಿ ಒಡೆದದ್ದಕ್ಕೆ ಅಲ್ಲ.

ಕೊನೆಗೆ ಮನೆ ವಾಪಸ್ ಸಿಗುತ್ತಾ ಅನ್ನುವುದು. ಹನ್ನೊಂದು ತಿಂಗಳ ಕರಾರು ಮಾಡಿದರೆ ಮಾಲೀಕರಿಗೆ ಏನೋ ವಿಶೇಷ ರಕ್ಷಣೆ ಅಂತ ಜನ ನಂಬಿದ್ದಾರೆ. ಹಾಗೇನಿಲ್ಲ. ಒಂದು ವರ್ಷ ಮೀರಿದ ಅವಧಿಯ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದನ್ನು ತಪ್ಪಿಸಲು ಹನ್ನೊಂದು ತಿಂಗಳು ಅಷ್ಟೇ. ಹಾಗೇ, ಬಾಡಿಗೆದಾರರು ಹನ್ನೆರಡು ವರ್ಷ ಇದ್ದರೆ ಮನೆ ಅವರದ್ದಾಗುತ್ತದೆ ಅನ್ನುವ ಭಯವೂ ಬೇಡ. ನಿಮ್ಮ ಒಪ್ಪಿಗೆಯಿಂದ ಬಾಡಿಗೆ ಕೊಟ್ಟುಕೊಂಡು ಇರುವವರು ಮನೆ ತಮ್ಮದು ಅನ್ನಲು ಬರುವುದಿಲ್ಲ.

ನಿಮಗೆ ಹನ್ನೊಂದು ತಿಂಗಳ ಕರಾರು ಸಾಕು. ಮೊದಲ ಆರು ತಿಂಗಳು ಇಬ್ಬರೂ ಬಿಡುವಂತಿಲ್ಲ ಅಂತ ಬರೆಯಿರಿ, ಆಮೇಲೆ ಎರಡು ತಿಂಗಳ ನೋಟಿಸ್. ನೀವೇನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಕಾನೂನು 15 ದಿನದ ನೋಟಿಸ್ ಅಂತ ಲೆಕ್ಕ ಹಿಡಿಯುತ್ತದೆ, ಅದು ಇಬ್ಬರಿಗೂ ಕಷ್ಟ. ಕರಾರು ಹೊಸದು ಮಾಡುವಾಗ ಸಾಮಾನಿನ ಪಟ್ಟಿಯನ್ನೂ ಹೊಸದಾಗಿ ನೋಡಿ ಸಹಿ ಮಾಡಿ. ಆ ನೆಪದಲ್ಲಿ ನೀವೂ ಒಮ್ಮೆ ಮನೆಗೆ ಬಂದು ಹೋದಂತಾಯಿತು. ಬರುವ ಮುಂಚೆ ಹೇಳಿ ಬನ್ನಿ, ಈಗ ಅದು ಅವರ ಮನೆ.

ಎರಡು ವರ್ಷದ ಮೇಲೆ ನೀವೇ ಬಂದು ಇರಬೇಕು ಅನ್ನುವುದನ್ನು ಮೊದಲ ದಿನವೇ ಬಾಡಿಗೆದಾರರಿಗೆ ಹೇಳಿ, ಕರಾರಿನಲ್ಲೂ ಹಾಕಿ. ಅವರ ಮನೆಯಲ್ಲೂ ಶಾಲೆಗೆ ಹೋಗುವ ಮಕ್ಕಳಿರಬಹುದು. ಶಾಲೆ ಶುರುವಾಗುವುದು ಮೇ ಕೊನೆಗೋ ಜೂನ್‌ಗೋ. ಫೆಬ್ರವರಿ ಕೊನೆಯಲ್ಲಿ ನೋಟಿಸ್ ಕೊಟ್ಟರೆ ಏಪ್ರಿಲ್ ಕೊನೆಗೆ ಮನೆ ಖಾಲಿಯಾಗುತ್ತದೆ. ಪರೀಕ್ಷೆ ಮುಗಿದಿರುತ್ತದೆ, ಅವರಿಗೂ ಬೇರೆ ಮನೆ ಹುಡುಕಲು ಹೊತ್ತು ಸಿಗುತ್ತದೆ. ಮೇ ತಿಂಗಳು ನಿಮಗೆ ರಿಪೇರಿಗೆ, ಪೇಂಟಿಂಗ್‌ಗೆ. ಬಿಡಲು ಒಪ್ಪದಿದ್ದರೆ ಸಿವಿಲ್ ದಾವೆಯೇ ದಾರಿ, ಅದಕ್ಕೆ ಸಮಯ ಹಿಡಿಯುತ್ತದೆ. ಆದರೂ ಕರೆಂಟ್ ತೆಗೆಯುವುದು, ಬೀಗ ಬದಲಿಸುವುದು ಮಾತ್ರ ಮಾಡಬೇಡಿ. ಅವಧಿ ಮೀರಿ ಉಳಿದರೆ, ಉಳಿದ ಪ್ರತಿ ದಿನಕ್ಕೂ ಆ ದಿನದ ಬಾಡಿಗೆಯ ಎರಡರಷ್ಟು ಅನ್ನುವ ಸಾಲು ಕರಾರಿನಲ್ಲಿರಲಿ.

ಬೀಗದ ಕೈ ಕೊಡುವ ದಿನ ಕರೆಂಟ್ ಮೀಟರಿನ ಫೋಟೊ ತೆಗೆದುಕೊಳ್ಳಿ. ಎಷ್ಟು ಕೀ ಕೊಟ್ಟಿರಿ ಅಂತ ಪಟ್ಟಿಯ ಕೊನೆಯಲ್ಲಿ ಬರೆಯಿರಿ. ಗೇಟ್‌ನ ಆಪ್‌ನಲ್ಲಿ ನಿಮ್ಮ ನಂಬರ್ ತೆಗೆಸಿ ಅವರದ್ದು ಹಾಕಿಸಿ. ಇಲ್ಲದಿದ್ದರೆ ಅವರ ಮನೆಗೆ ಬರುವ ಪಾರ್ಸೆಲ್‌ಗೆಲ್ಲ ಪುಣೆಯಲ್ಲಿರುವ ನಿಮಗೆ ಫೋನ್ ಬರುತ್ತದೆ.